ಓದುಗರ ಪ್ರಶ್ನೆ: ಇಂಡಕ್ಷನ್ ಮೋಟಾರೋ, ಬಿಎಲ್‌ಡಿಸಿಯೋ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೋಟಾರಿನ ಬಗ್ಗೆಯೇ ಇವೆ. ಫ್ಯಾನು, ಬೋರ್‌ವೆಲ್, ಗ್ರೈಂಡರ್, ಸ್ಕೂಟರ್, ವರ್ಕ್‌ಶಾಪ್ ಎಂದು ಕೇಳಿದವರ ಅಗತ್ಯ ಬೇರೆಬೇರೆಯಾದರೂ ಸುತ್ತಿ ಬಂದರೆ ಪ್ರಶ್ನೆ ಒಂದೇ: ಹಳೆಯ ಇಂಡಕ್ಷನ್ ಮೋಟಾರೇ ಇರಲೋ, ಅಯಸ್ಕಾಂತ ಕೂರಿಸಿದ ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ) ಮೋಟಾರು ತರಲೋ? ಅದಕ್ಕೆ ಎಲ್ಲವನ್ನೂ ಒಂದೇ ಕಂತಿನಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಹಳೆಯ ಸೀಲಿಂಗ್ ಫ್ಯಾನ್ ಇವೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಯವರು "ಇವು 75 ವ್ಯಾಟ್ ಎಳೀತವೆ ಸಾರ್, ಬಿಎಲ್‌ಡಿಸಿ ಹಾಕಿದ್ರೆ 28ಕ್ಕೇ ಮುಗೀತು" ಅಂದರು. ಗಾಳಿ ಅಷ್ಟೇ, ಕರೆಂಟು ಅರ್ಧಕ್ಕಿಂತ ಕಡಿಮೆ. ಇದು ಹೇಗಾಗುತ್ತದೆ? ಮಾರಾಟದ ಮಾತೇ?
— ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ಅಂಗಡಿಯವರು ಹೇಳಿದ ಅಂಕಿ ಸುಳ್ಳಲ್ಲ. 1200 ಮಿ.ಮೀ. ಫ್ಯಾನಿನ ರೆಕ್ಕೆ ತಿರುಗಿಸಲು ನಿಜಕ್ಕೂ ಬೇಕಾಗುವುದು ಸುಮಾರು 20ರಿಂದ 25 ವ್ಯಾಟ್ ಮಾತ್ರ. ಹಳೆ ಫ್ಯಾನು 75 ವ್ಯಾಟ್ ಎಳೆದುಕೊಂಡರೆ ಉಳಿದ 50 ವ್ಯಾಟ್ ಮೋಟಾರಿನೊಳಗೇ ಬಿಸಿಯಾಗಿ ಹೋಗುತ್ತದೆ. ರಾತ್ರಿಯೆಲ್ಲ ಓಡಿದ ಫ್ಯಾನನ್ನು ನಿಲ್ಲಿಸಿ ನಡುವಿನ ಬಟ್ಟಲನ್ನು ಮುಟ್ಟಿ ನೋಡಿ, ಆ 50 ವ್ಯಾಟ್ ಕೈಗೇ ಸಿಗುತ್ತದೆ.

ಅಷ್ಟು ಏಕೆ ಪೋಲಾಗುತ್ತದೆ? ಹಳೆ ಫ್ಯಾನಿನಲ್ಲಿರುವುದು ಇಂಡಕ್ಷನ್ ಮೋಟಾರು. ಅದರ ರೋಟರಿನಲ್ಲಿ, ಅಂದರೆ ತಿರುಗುವ ಭಾಗದಲ್ಲಿ, ಸ್ವಂತ ಅಯಸ್ಕಾಂತ ಇರುವುದಿಲ್ಲ. ಸ್ಟೇಟರಿನ (ನಿಂತಿರುವ ಭಾಗದ) ಸುರುಳಿಗಳು ಒಂದು ತಿರುಗುವ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಅದು ರೋಟರಿನ ಅಲ್ಯೂಮಿನಿಯಂ ಸರಳುಗಳನ್ನು ಹಾಯುತ್ತ ಹೋದಂತೆ ಅವುಗಳಲ್ಲಿ ಕರೆಂಟು ಹುಟ್ಟುತ್ತದೆ, ಆ ಕರೆಂಟಿನಿಂದ ರೋಟರು ಅಯಸ್ಕಾಂತವಾಗುತ್ತದೆ. ಅಂದರೆ ರೋಟರಿನ ಕಾಂತಶಕ್ತಿಯೆಲ್ಲ ಸ್ಟೇಟರಿನಿಂದ ತಂದ ಸಾಲ. ಆ ಸಾಲ ಹುಟ್ಟಬೇಕಾದರೆ ರೋಟರು ಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳಲೇಬೇಕು. ಈ ಹಿಂದೆ ಬೀಳುವಿಕೆಗೇ ಸ್ಲಿಪ್ ಎನ್ನುತ್ತಾರೆ. 14 ಪೋಲಿನ (ಕಾಂತಧ್ರುವದ) ಫ್ಯಾನಿನಲ್ಲಿ 50 ಹರ್ಟ್ಸ್‌ಗೆ ಕ್ಷೇತ್ರ ನಿಮಿಷಕ್ಕೆ 428 ಸುತ್ತು ತಿರುಗುತ್ತದೆ. ರೆಕ್ಕೆ 370ರ ಹತ್ತಿರ ಓಡುತ್ತದೆ. ಸ್ಲಿಪ್ ಸುಮಾರು ಶೇ. 14. ಸ್ಟೇಟರಿನಿಂದ ರೋಟರಿಗೆ ದಾಟಿದ ಶಕ್ತಿಯಲ್ಲಿ ಅಷ್ಟೇ ಪಾಲು ನೇರವಾಗಿ ಶಾಖವಾಗುತ್ತದೆ, ಇದು ತಪ್ಪಿಸಲಾಗದ ಲೆಕ್ಕ. ಇದರ ಮೇಲೆ ಸಿಂಗಲ್ ಫೇಸು, ಅಂಗೈಯಗಲದ ಮೋಟಾರಿಗೆ ತುರುಕಿದ 14 ಪೋಲು, ಉದ್ದುದ್ದ ತಾಮ್ರದ ತಂತಿ. ಎಲ್ಲ ಸೇರಿ ಸೀಲಿಂಗ್ ಫ್ಯಾನಿನ ಮೋಟಾರು ಇಂಡಕ್ಷನ್ ಜಾತಿಯಲ್ಲೇ ಅತ್ಯಂತ ಬಡಪಾಯಿ.

ಬಿಎಲ್‌ಡಿಸಿಯ ರೋಟರಿನಲ್ಲಿ ಕಾಯಂ ಅಯಸ್ಕಾಂತ ಅಂಟಿಸಿರುತ್ತಾರೆ. ಸಾಲದ ಮಾತೇ ಇಲ್ಲ, ಸ್ಲಿಪ್ ಇಲ್ಲ, ರೋಟರಿನಲ್ಲಿ ಹೇಳಿಕೊಳ್ಳುವಂಥ ನಷ್ಟವೂ ಇಲ್ಲ. ಆದರೆ ಯಾವ ಸುರುಳಿಗೆ ಯಾವ ಗಳಿಗೆಯಲ್ಲಿ ಕರೆಂಟು ಕೊಡಬೇಕು ಎಂದು ಹೇಳುವವರೊಬ್ಬರು ಬೇಕಲ್ಲ, ಅದಕ್ಕೆ ಒಂದು ಎಲೆಕ್ಟ್ರಾನಿಕ್ ಬೋರ್ಡು. ಅದು ಮನೆಯ 230 ವೋಲ್ಟ್ ಎಸಿಯನ್ನು ಸಾಮಾನ್ಯವಾಗಿ 24 ವೋಲ್ಟ್ ಡಿಸಿಗೆ ಇಳಿಸಿ, ಆರು ಮಾಸ್‌ಫೆಟ್‌ಗಳ (ಎಲೆಕ್ಟ್ರಾನಿಕ್ ಸ್ವಿಚ್ಚುಗಳ) ಮೂಲಕ ಮೂರು ಸುರುಳಿಗಳಿಗೆ ಸರದಿಯಂತೆ ಹಂಚುತ್ತದೆ. ಹೆಸರಿನಲ್ಲಿ ಡಿಸಿ ಇದ್ದರೂ ಮೋಟಾರಿನೊಳಗೆ ನಡೆಯುವುದು 3 ಫೇಸ್ ಎಸಿಯ ಕೆಲಸವೇ.

ದೊಡ್ಡ ಲಾಭ ಇರುವುದು ಕಡಿಮೆ ವೇಗದಲ್ಲಿ. ರೆಕ್ಕೆಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅರ್ಧ ವೇಗಕ್ಕೆ ಎಂಟನೆಯ ಒಂದು ಪಾಲು ಸಾಕು. ಬಿಎಲ್‌ಡಿಸಿ ಫ್ಯಾನು ಈ ಲಾಭವನ್ನು ನಿಮಗೆ ದಾಟಿಸುತ್ತದೆ, ಒಂದು-ಎರಡರಲ್ಲಿ ಇಟ್ಟರೆ 5-6 ವ್ಯಾಟಿನಲ್ಲಿ ಓಡುತ್ತದೆ. ಇಂಡಕ್ಷನ್ ಫ್ಯಾನಿನ ಕ್ಷೇತ್ರ ಮಾತ್ರ ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ 428ರಲ್ಲೇ ಸುತ್ತುತ್ತಿರುತ್ತದೆ. ರೆಕ್ಕೆ 190ಕ್ಕೆ ಇಳಿದಾಗ ರೋಟರಿಗೆ ದಾಟಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗಿರುತ್ತದೆ.

ಹಣದ ಲೆಕ್ಕ: ಉಳಿಕೆ 45 ವ್ಯಾಟ್, ದಿನಕ್ಕೆ 12 ಗಂಟೆ, ವರ್ಷವಿಡೀ ಓಡಿದರೆ 197 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 1,180 ರೂಪಾಯಿ. ಹೊಸದಾಗಿ ಕೊಳ್ಳುವಾಗ ಎರಡರ ನಡುವಿನ ಬೆಲೆ ವ್ಯತ್ಯಾಸ ಸಾವಿರ-ಸಾವಿರದೈನೂರು ಇದ್ದರೆ ಒಂದು-ಒಂದೂಕಾಲು ವರ್ಷದಲ್ಲಿ ಗಿಟ್ಟುತ್ತದೆ. ಆದರೆ ಬೆಂಗಳೂರಿನ ಡಿಸೆಂಬರ್-ಜನವರಿಯಲ್ಲಿ ಯಾರು ಫ್ಯಾನು ಹಾಕುತ್ತಾರೆ? ಮಲಗುವ ಕೋಣೆಯ ಫ್ಯಾನು ವರ್ಷಕ್ಕೆ 240 ದಿನ, ರಾತ್ರಿ 8 ಗಂಟೆ ಓಡಿದರೆ ಉಳಿಯುವುದು 86 ಯೂನಿಟ್, ಸುಮಾರು 520 ರೂಪಾಯಿ. ಚೆನ್ನಾಗಿ ಓಡುತ್ತಿರುವ ಫ್ಯಾನನ್ನು ಕಿತ್ತು 3,000 ರೂಪಾಯಿಯ ಹೊಸದು ಹಾಕಿದರೆ ಆರು ವರ್ಷ ಕಾಯಬೇಕು. ನಡುಮನೆಯ ಫ್ಯಾನು ಬದಲಿಸಿ. ಅತಿಥಿ ಕೋಣೆಯದನ್ನು ಹಾಗೇ ಬಿಡಿ.

ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಕಡಿಮೆ ಗಾಳಿ ಕೊಟ್ಟು ಕಡಿಮೆ ವ್ಯಾಟ್ ತೋರಿಸುವುದು ಯಾರಿಗೂ ಬರುವ ವಿದ್ಯೆ. ಸೀಲಿಂಗ್ ಫ್ಯಾನಿಗೆ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಅದರ ಮೇಲೆ ಸರ್ವಿಸ್ ವ್ಯಾಲ್ಯೂ ಎಂದು ಒಂದು ಅಂಕಿ ಇರುತ್ತದೆ, ಅಂದರೆ ಒಂದು ವ್ಯಾಟಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂಬ ಲೆಕ್ಕ. ಜೊತೆಗೆ ಒಟ್ಟು ಗಾಳಿ 210 ಘನ ಮೀಟರಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ವಾರಂಟಿ ಕಾಗದದಲ್ಲಿ ಮೋಟಾರಿಗೆ ಎಷ್ಟು ವರ್ಷ ಎನ್ನುವುದಕ್ಕಿಂತ ಬೋರ್ಡಿಗೆ ಎಷ್ಟು ವರ್ಷ ಎಂದು ಓದಿ.

ಪ್ರಶ್ನೆ: ನಮ್ಮದು ಗೃಹಜ್ಯೋತಿ, ಬಿಲ್ಲು ಸೊನ್ನೆ. ಹಾಗಿದ್ದ ಮೇಲೆ ಬಿಎಲ್‌ಡಿಸಿ ಫ್ಯಾನಿನಿಂದ ನಮಗೇನು ಬಂತು?
— ಗೃಹಿಣಿ, ಕಾಮಾಕ್ಷಿಪಾಳ್ಯ

ಉತ್ತರ: ವರ್ಷವಿಡೀ ಸೊನ್ನೆಯೇ ಬರುತ್ತಿದ್ದರೆ ಏನೂ ಬರಲಿಲ್ಲ, ಅವಸರ ಬೇಡ. ಆದರೆ ಮಾರ್ಚಿನಿಂದ ಮೇ ತಿಂಗಳ ಬಿಲ್ಲನ್ನು ತೆಗೆದು ನೋಡಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಲ್ಲ. ಬೇಸಿಗೆಯಲ್ಲಿ 225ಕ್ಕೆ ಹೋಗುವ ಮನೆಯಲ್ಲಿ ದಿನಕ್ಕೆ 12 ಗಂಟೆ ಓಡುವ ಎರಡು ಫ್ಯಾನು ಬದಲಿಸಿದರೆ ತಿಂಗಳಿಗೆ 32 ಯೂನಿಟ್ ಇಳಿದು 193ಕ್ಕೆ ಬರುತ್ತದೆ. ಆಗ ಉಳಿಯುವುದು 32 ಯೂನಿಟ್ಟಿನ ದುಡ್ಡಷ್ಟೇ ಆಗಿರುವುದಿಲ್ಲ. ನಿಮಗೆ ನಿಗದಿಯಾದ ಮಾಸಿಕ ಉಚಿತ ಮಿತಿಗಿಂತ ಮೇಲೆ ಹೋದದ್ದಕ್ಕೆ ಮಾತ್ರ ಕಟ್ಟಿದರೆ ಸಾಕು.

ಪ್ರಶ್ನೆ: ಎರಡು ವರ್ಷದಲ್ಲಿ ಬಿಎಲ್‌ಡಿಸಿ ಫ್ಯಾನಿನ ಬೋರ್ಡು ಎರಡು ಸಲ ಸುಟ್ಟಿತು. ಹಳೆ ಫ್ಯಾನು 25 ವರ್ಷ ಓಡಿತ್ತು. ಗೋಡೆಯ ರೆಗ್ಯುಲೇಟರ್ ಹಾಗೇ ಇದೆ, ಯಾವಾಗಲೂ 5ರಲ್ಲಿ ಇಟ್ಟಿರುತ್ತೇವೆ. ತಪ್ಪು ಎಲ್ಲಿದೆ?
— ಬ್ಯಾಂಕ್ ಉದ್ಯೋಗಿ, ವಿಜಯನಗರ

ಉತ್ತರ: ಎರಡು ಅನುಮಾನ. ಮೊದಲನೆಯದು ಆ ರೆಗ್ಯುಲೇಟರೇ. ಗುಂಡಿ ತಿರುಗಿಸುವ ಡಿಮ್ಮರ್ ಮಾದರಿಯದಾದರೆ ಅದು ಎಸಿ ಅಲೆಯ ಒಂದೊಂದು ತುಣುಕನ್ನು ಕತ್ತರಿಸಿ ಕಳಿಸುತ್ತದೆ. ಇಂಡಕ್ಷನ್ ಮೋಟಾರು ಸ್ವಲ್ಪ ಗುಂಯ್‌ಗುಟ್ಟಿ ಅದನ್ನು ಸಹಿಸಿಕೊಳ್ಳುತ್ತದೆ. ಬಿಎಲ್‌ಡಿಸಿ ಬೋರ್ಡಿನ ಹೊಸ್ತಿಲಲ್ಲೇ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಕೂತಿರುತ್ತದೆ. ಕತ್ತರಿಸಿದ ಅಲೆ ಅದಕ್ಕೆ ಸೆಕೆಂಡಿಗೆ ನೂರು ಸಲ ಗುದ್ದುತ್ತದೆ. ಸ್ಟೆಪ್ ರೆಗ್ಯುಲೇಟರ್ 5ರಲ್ಲಿದ್ದರೆ ನೇರ ದಾರಿ ಬಿಟ್ಟುಕೊಡುತ್ತದೆ, ನಿಜ. ಆದರೆ ಮಕ್ಕಳೋ ನೆಂಟರೋ ಒಂದು ದಿನ 2ಕ್ಕೆ ತಿರುಗಿಸುತ್ತಾರೆ. ಎಂಸಿಬಿ ಕೆಳಗಿಳಿಸಿ, ಸ್ವಿಚ್ ಬೋರ್ಡ್ ಬಿಚ್ಚಿ, ರೆಗ್ಯುಲೇಟರಿನ ಎರಡು ತಂತಿಗಳನ್ನು ಕಳಚಿ ಒಂದು ಕನೆಕ್ಟರಿನಲ್ಲಿ ಕೂಡಿಸಿಬಿಡಿ. ಆ ಜಾಗಕ್ಕೆ ಡಮ್ಮಿ ಪ್ಲೇಟು ಹಾಕಿ.

ಎರಡನೆಯದು ನ್ಯೂಟ್ರಲ್. ಬೀದಿಯ ಕಂಬದಲ್ಲೋ ನಿಮ್ಮ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನವರಿಗೆ ವೋಲ್ಟೇಜ್ ಬೀಳುತ್ತದೆ, ಇನ್ನೊಂದು ಫೇಸಿನವರಿಗೆ 300-400ರ ಕಡೆಗೆ ಏರುತ್ತದೆ. 230 ವೋಲ್ಟಿನ ಅಲೆಯ ತುದಿ 325 ವೋಲ್ಟ್, ಬೋರ್ಡಿನ ಕೆಪ್ಯಾಸಿಟರಿಗೆ 400 ವೋಲ್ಟ್ ತಾಳುವ ಶಕ್ತಿ ಇರುತ್ತದೆ. ಲೈನು 400ಕ್ಕೆ ಏರಿದರೆ ತುದಿ 566ಕ್ಕೆ ಹೋಗುತ್ತದೆ. ಕೆಪ್ಯಾಸಿಟರ್ ಉಬ್ಬಿ ಒಡೆಯುತ್ತದೆ, ಜೊತೆಗೆ ಫ್ಯೂಸು, ವೇರಿಸ್ಟರು, ಮಾಸ್‌ಫೆಟ್ಟು. ನಿಮ್ಮ 25 ವರ್ಷದ ಇಂಡಕ್ಷನ್ ಫ್ಯಾನು ಅದೇ ಪೆಟ್ಟು ತಿಂದು, ಐದು ನಿಮಿಷ ಜೋರಾಗಿ ತಿರುಗಿ, ಬಿಸಿಯಾಗಿ ಸುಮ್ಮನಾಗಿರುತ್ತಿತ್ತು. ತಾಮ್ರ ಮತ್ತು ಕಬ್ಬಿಣಕ್ಕೆ ಇರುವ ತಾಳ್ಮೆ ಸಿಲಿಕಾನಿಗಿಲ್ಲ.

ಕೆಲವು ದೀಪ ಕಣ್ಣು ಕುಕ್ಕುವಂತೆ ಉರಿದು ಕೆಲವು ಮಂಕಾದರೆ ತಕ್ಷಣ ಮೇನ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಕಾಯಂ ಪರಿಹಾರಕ್ಕೆ ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ) ಎರಡು ಸಾಧನ ಬೇಕು. ಮಿಂಚು-ಸಿಡಿಲಿನ ಕ್ಷಣಿಕ ಹೊಡೆತಕ್ಕೆ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅದೂ ಅರ್ಥಿಂಗ್ ಸರಿ ಇದ್ದರೆ ಮಾತ್ರ ಉಪಯೋಗ. ನ್ಯೂಟ್ರಲ್ ತೊಂದರೆಗೆ ಓವರ್-ಅಂಡರ್ ವೋಲ್ಟೇಜ್ ಕಟ್‌ಆಫ್. ಮೊದಲನೆಯದನ್ನು ಹಾಕಿಸಿ ಎರಡನೆಯದನ್ನು ಬಿಡುವವರೇ ಹೆಚ್ಚು. ಏರಿದ ವೋಲ್ಟೇಜ್ ನಿಮಿಷಗಟ್ಟಲೆ ನಿಂತರೆ ಸರ್ಜ್ ಪ್ರೊಟೆಕ್ಟರೇ ಸುಟ್ಟುಹೋಗುತ್ತದೆ.

ಪ್ರಶ್ನೆ: ಹಳೆ ಫ್ಯಾನು 5ರಲ್ಲಿಟ್ಟರೂ ನಿಧಾನ. ಒಮ್ಮೊಮ್ಮೆ ಕೈಯಲ್ಲಿ ತಳ್ಳಿದರೆ ಮಾತ್ರ ಶುರುವಾಗುತ್ತದೆ. ಎಲೆಕ್ಟ್ರೀಷಿಯನ್ "ಮೋಟಾರು ಹೋಗಿದೆ, ಬಿಎಲ್‌ಡಿಸಿ ತಗೊಳ್ಳಿ" ಎನ್ನುತ್ತಾರೆ.
— ಯಲಹಂಕ

ಉತ್ತರ: ತಳ್ಳಿದರೆ ತಿರುಗುತ್ತದೆ ಎಂದರೆ ಮೋಟಾರು ಹೋಗಿಲ್ಲ, ಕೆಪ್ಯಾಸಿಟರ್ ಹೋಗಿದೆ. ನೂರು ರೂಪಾಯಿಯೊಳಗಿನ ಕೆಲಸ.

ಸಿಂಗಲ್ ಫೇಸಿನ ಒಂದೇ ಸುರುಳಿಯಿಂದ ಹುಟ್ಟುವ ಕ್ಷೇತ್ರ ಹಿಂದೆ-ಮುಂದೆ ತುಯ್ಯುತ್ತದೆಯೇ ಹೊರತು ತಿರುಗುವುದಿಲ್ಲ. ಅದಕ್ಕೇ ಎರಡನೆಯ ಸುರುಳಿಯೊಂದನ್ನು ಇಟ್ಟು, ಅದರ ಕರೆಂಟನ್ನು ಕೆಪ್ಯಾಸಿಟರಿನ ಮೂಲಕ ಮುಂದೆ ಸರಿಸಿ, ತಿರುಗುವ ಕ್ಷೇತ್ರ ಮಾಡಿಕೊಳ್ಳುತ್ತಾರೆ. ಕೆಪ್ಯಾಸಿಟರ್ ಸವೆದಂತೆ ಎರಡನೆಯ ಸುರುಳಿಯ ಬಲ ಕುಗ್ಗುತ್ತದೆ. ಪೂರ್ತಿ ಸತ್ತರೆ ಫ್ಯಾನು ಗುಂಯ್ ಎನ್ನುತ್ತ ನಿಂತಿರುತ್ತದೆ, ಯಾವ ಕಡೆ ತಳ್ಳಿದರೆ ಆ ಕಡೆ ತಿರುಗುತ್ತದೆ.

ಮಾಡಬೇಕಾದದ್ದು: ಗೋಡೆಯ ಸ್ವಿಚ್ ನಂಬದೆ ಎಂಸಿಬಿಯನ್ನೇ ಕೆಳಗಿಳಿಸಿ. ಎಷ್ಟೋ ಮನೆಗಳಲ್ಲಿ ಸ್ವಿಚ್ ಫೇಸಿನ ಬದಲು ನ್ಯೂಟ್ರಲ್‌ನಲ್ಲಿ ಕೂತಿರುತ್ತದೆ. ಮೇಲಿನ ಬಟ್ಟಲು ಸಡಿಲಿಸಿದರೆ ಕೆಪ್ಯಾಸಿಟರ್ ಕಾಣುತ್ತದೆ. ತಂತಿಗಳ ಫೋಟೋ ತೆಗೆದುಕೊಳ್ಳಿ. ಎರಡು ತುದಿಗಳನ್ನು ಪ್ಲಾಸ್ಟಿಕ್ ಹಿಡಿಯಿರುವ ಸ್ಕ್ರೂಡ್ರೈವರಿನಿಂದ ಒಮ್ಮೆ ಕೂಡಿಸಿ ಉಳಿದ ಚಾರ್ಜ್ ಇಳಿಸಿ. ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೈಮೇಲೆ 2.5 ಮೈಕ್ರೋಫ್ಯಾರಡ್ ಎಂದಿದ್ದು ಮೀಟರು 2.2ಕ್ಕಿಂತ ಕಡಿಮೆ ತೋರಿಸಿದರೆ ಬದಲಿಸಿ. 440 ವೋಲ್ಟ್ ಎಸಿ ಎಂದು ಬರೆದಿರುವುದನ್ನೇ, ಅಷ್ಟೇ ಮೌಲ್ಯದ್ದನ್ನೇ ತನ್ನಿ. "ಇನ್ನೂ ಸ್ಪೀಡ್ ಬರುತ್ತೆ" ಎಂದು 4 ಮೈಕ್ರೋಫ್ಯಾರಡ್ ಹಾಕಿಕೊಡುವವರಿದ್ದಾರೆ. ಸ್ಪೀಡೂ ಬರುತ್ತದೆ, ಒಂದು ಬೇಸಿಗೆಯಲ್ಲಿ ಎರಡನೆಯ ಸುರುಳಿ ಸುಟ್ಟ ವಾಸನೆಯೂ ಬರುತ್ತದೆ.

ಬಿಚ್ಚಿದ ಕೈಯಲ್ಲೇ ರೆಕ್ಕೆಯನ್ನು ಮೆಲ್ಲಗೆ ತಿರುಗಿಸಿ. ಕರಕರ ಎಂದರೆ ಅಥವಾ ಅರ್ಧ ಸುತ್ತಿಗೇ ನಿಂತರೆ ಬೇರಿಂಗ್ ಕೂಡ ಹೋಗಿದೆ. ಹಳೆ ಬೇರಿಂಗಿನ ಮೇಲಿನ ನಂಬರ್ ನೋಡಿಯೇ ಹೊಸದು ತನ್ನಿ, ಎರಡೂ ಬದಿ ಮುಚ್ಚಿದ್ದು ಇರಲಿ.

ಪ್ರಶ್ನೆ: ಕರೆಂಟು ಹೋಗಿ ಯುಪಿಎಸ್ ಮೇಲೆ ಬಂದರೆ ಫ್ಯಾನು ಗೊರಗೊರ ಎನ್ನುತ್ತದೆ. ಯುಪಿಎಸ್ ಕೆಟ್ಟಿದೆಯೇ?
— ಕೆಂಗೇರಿ ಉಪನಗರ

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು. ಚೌಕಾಕಾರದ ಅಲೆ ಇಂಡಕ್ಷನ್ ಮೋಟಾರಿಗೆ ಹಿಡಿಸುವುದಿಲ್ಲ, ಸದ್ದೂ ಬಿಸಿಯೂ ಜಾಸ್ತಿ. ಬಿಎಲ್‌ಡಿಸಿ ಹೇಗೂ ಬಂದದ್ದನ್ನೆಲ್ಲ ಡಿಸಿ ಮಾಡಿಕೊಳ್ಳುತ್ತದೆ, ಅಲೆಯ ಆಕಾರದ ಗೊಡವೆ ಅದಕ್ಕಿಲ್ಲ. ಬ್ಯಾಟರಿ ಲೆಕ್ಕವೂ ಇದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಿಂದ ಇನ್ವರ್ಟರಿನ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬಸಿಯದೆ, ಸುಮಾರು 1,100 ವ್ಯಾಟ್-ಅವರ್ ತೆಗೆಯಬಹುದು. 75 ವ್ಯಾಟಿನ ನಾಲ್ಕು ಫ್ಯಾನಿಗೆ ಮೂರೂವರೆ ಗಂಟೆ ಚಿಲ್ಲರೆ. 30 ವ್ಯಾಟಿನ ನಾಲ್ಕಕ್ಕೆ ಒಂಬತ್ತು ಗಂಟೆ. ಯುಪಿಎಸ್ ಇರುವ ಮನೆಗೆ ಬಿಎಲ್‌ಡಿಸಿಯ ನಿಜವಾದ ಸುಖ ಇದು, ಬಿಲ್ಲಿನ ಮಾತು ಆಮೇಲೆ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಎಂಜಿನಿಯರಿಂಗ್ ಶೆಡ್ಡು. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ಬ್ಲೋವರ್, ಎಲ್ಲಕ್ಕೂ 3 ಎಚ್‌ಪಿ ಇಂಡಕ್ಷನ್ ಮೋಟಾರು. "ಮ್ಯಾಗ್ನೆಟ್ ಮೋಟಾರು ಹಾಕಿ, ಫ್ಯಾನಿನ ಹಾಗೆ ಅರ್ಧ ಬಿಲ್ಲು" ಎಂದು ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಲೇ?

ಉತ್ತರ: "ಫ್ಯಾನಿನ ಹಾಗೆ" ಎಂಬ ಮಾತಿನಲ್ಲೇ ತಪ್ಪಿದೆ. ಫ್ಯಾನಿನ ಮೋಟಾರು ಮೂರರಲ್ಲಿ ಎರಡು ಪಾಲು ಪೋಲು ಮಾಡುವುದರಿಂದ ಅಲ್ಲಿ ಉಳಿಸಲು ಜಾಗವಿದೆ. 3 ಎಚ್‌ಪಿ, ಅಂದರೆ 2.2 ಕಿಲೋವ್ಯಾಟಿನ 4 ಪೋಲ್ ಮೋಟಾರು ಐಇ2 ದರ್ಜೆಯದಾದರೆ (ಐಇ ಎಂಬುದು ದಕ್ಷತೆಯ ದರ್ಜೆ, ಅಂಕಿ ಏರಿದಂತೆ ಪೋಲು ಕಡಿಮೆ) ಅದರ ದಕ್ಷತೆ ಶೇ. 84.3. ಐಇ3 ಶೇ. 86.7, ಐಇ4 ಶೇ. 89.5. ಮ್ಯಾಗ್ನೆಟ್ ಮೋಟಾರು ತಂದರೂ ಐಇ4ರ ಆಸುಪಾಸು ಅಥವಾ ಸ್ವಲ್ಪ ಮೇಲೆ. ಇಲ್ಲಿ 3 ಫೇಸ್ ಇದೆ, ಪೋಲು ನಾಲ್ಕೇ, 1500ಕ್ಕೆ 1440 ಓಡುತ್ತದೆ, ಸ್ಲಿಪ್ ಶೇ. 4 ಮಾತ್ರ. ಫ್ಯಾನಿನ ಬಡತನ ಇದಕ್ಕಿಲ್ಲ.

ಪೂರ್ತಿ ಲೋಡಿನಲ್ಲಿ ಐಇ2 ಎಳೆಯುವುದು 2.61 ಕಿಲೋವ್ಯಾಟ್, ಐಇ4 ದರ್ಜೆಯದು 2.46. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಎಡೆಬಿಡದೆ ಓಡಿದರೂ ಉಳಿಯುವುದು 450 ಯೂನಿಟ್ಟಿನಷ್ಟು. ಲೇತು ಎಡೆಬಿಡದೆ ಪೂರ್ತಿ ಲೋಡಿನಲ್ಲಿ ಎಲ್ಲಿ ಓಡುತ್ತದೆ? ಜಾಬ್ ಕಟ್ಟುವಾಗ, ಅಳೆಯುವಾಗ ನಿಂತಿರುತ್ತದೆ. ಮೇಲಾಗಿ ಮ್ಯಾಗ್ನೆಟ್ ಮೋಟಾರನ್ನು ಸ್ಟಾರ್ಟರ್ ಒತ್ತಿ ನೇರ ಲೈನಿಗೆ ಹಾಕುವಂತಿಲ್ಲ. ಕ್ಷೇತ್ರ ಒಮ್ಮೆಲೇ 1500ರಲ್ಲಿ ಸುತ್ತತೊಡಗಿದರೆ ನಿಂತ ಅಯಸ್ಕಾಂತ ಅದನ್ನು ಹಿಡಿಯಲಾರದೆ ಅಲ್ಲೇ ನಡುಗುತ್ತದೆ. ಒಂದೊಂದಕ್ಕೂ ಡ್ರೈವ್, ಅಂದರೆ ವೇಗ ಹತೋಟಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು. ಬೇರಿಂಗ್ ಬದಲಿಸಲು ರೋಟರು ಎಳೆದರೆ ಅಯಸ್ಕಾಂತ ಬೆರಳನ್ನೇ ಕಚ್ಚುತ್ತದೆ, ಬೆಂಚಿನ ಮೇಲಿನ ಕಬ್ಬಿಣದ ಪುಡಿಯನ್ನೆಲ್ಲ ಬಾಚಿಕೊಳ್ಳುತ್ತದೆ. ಸುಟ್ಟರೆ ಪಕ್ಕದ ರಸ್ತೆಯ ವೈಂಡಿಂಗ್ ಅಂಗಡಿಯವರು ಮುಟ್ಟಲು ಒಪ್ಪುವುದು ಅಪರೂಪ.

ಲೇತ್, ಡ್ರಿಲ್ಲಿಂಗ್ ಮಷಿನ್ ಹಾಗೇ ಇರಲಿ. ಸುಟ್ಟ ದಿನ ಐಇ3 ತನ್ನಿ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅದರ ಮೋಟಾರುಗಳು ಕೆಲವು ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಥದ್ದೊಂದಿದ್ದು ಮೂರು-ನಾಲ್ಕು ಸಲ ರಿವೈಂಡ್ ಆಗಿದ್ದರೆ ಮಾತ್ರ ಭಾವುಕರಾಗಬೇಡಿ. ಹಳೆ ವೈಂಡಿಂಗ್ ತೆಗೆಯಲು ಬೆಂಕಿ ಹಚ್ಚಿ ಸುಡುತ್ತಾರಲ್ಲ, ಆಗ ಸ್ಟೇಟರಿನ ತಗಡುಗಳ ನಡುವಿನ ಇನ್ಸುಲೇಶನ್ ಲೇಪ ಬೆಂದು, ಕಬ್ಬಿಣದ ನಷ್ಟ ಒಂದೊಂದು ಸಲವೂ ಏರುತ್ತದೆ. ರಿವೈಂಡ್ ಮಾಡಿಸುವುದೇ ಆದರೆ ಹಳೆ ತಂತಿಯ ಗೇಜು, ಸುತ್ತುಗಳ ಸಂಖ್ಯೆ ಎರಡನ್ನೂ ಬರೆದಿಡಿಸಿಕೊಳ್ಳಿ. ಖಾಲಿ ಓಡುವಾಗಿನ ಕರೆಂಟನ್ನು ಟಾಂಗ್ ಟೆಸ್ಟರಿನಲ್ಲಿ ಮೊದಲೂ ಆಮೇಲೂ ಅಳೆಯಿರಿ. ಗಣನೀಯವಾಗಿ ಏರಿದ್ದರೆ ಸುತ್ತು ಕಡಿಮೆ ಹಾಕಿದ್ದಾರೆ ಅಥವಾ ಕೋರ್ ಕೆಟ್ಟಿದೆ.

ನಿಮ್ಮ ಶೆಡ್ಡಿನಲ್ಲಿ ದುಡ್ಡು ಇರುವುದು ಬ್ಲೋವರಿನಲ್ಲಿ. ಡ್ಯಾಂಪರ್ (ಗಾಳಿ ತಡೆಯುವ ತಗಡು) ಅರ್ಧ ಮುಚ್ಚಿ ಓಡಿಸುತ್ತಿದ್ದೀರಾ? ಹಾಗಿದ್ದರೆ ಅದೇ ಇಂಡಕ್ಷನ್ ಮೋಟಾರಿಗೆ ಒಂದು ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ವೇಗ ಹೊಂದಿಸುವ ಡ್ರೈವ್) ಹಾಕಿ, ಡ್ಯಾಂಪರ್ ಪೂರ್ತಿ ತೆರೆದು, 40 ಹರ್ಟ್ಸ್‌ಗೆ ಇಳಿಸಿ. ವೇಗ ಶೇ. 80ಕ್ಕೆ ಇಳಿದರೆ ರೆಕ್ಕೆಗೆ ಬೇಕಾದ ಶಕ್ತಿ ಶೇ. 51ಕ್ಕೆ ಇಳಿಯುತ್ತದೆ. ಫ್ಯಾನಿನ ಲೆಕ್ಕ ಇಲ್ಲಿ ನಿಜವಾಗುತ್ತದೆ. ಅದು ಅಯಸ್ಕಾಂತದ ಮಹಿಮೆಯಾಗಿರದೆ ವೇಗ ಇಳಿಸಿದ್ದರ ಫಲ. ವಿಎಫ್‌ಡಿ ಹಾಕುವಾಗ ನಡೆಯುವ ತಪ್ಪು ಮೂರು. ಹಳೆ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ನಡುವೆ ಬಿಡುವುದು ಒಂದು. ಪವರ್ ಫ್ಯಾಕ್ಟರಿಗೆಂದು ಮೋಟಾರಿನ ಟರ್ಮಿನಲ್ಲಿಗೆ ಹಾಕಿದ ಕೆಪ್ಯಾಸಿಟರ್ ತೆಗೆಯದೇ ಇರುವುದು ಇನ್ನೊಂದು, ಅದು ಡ್ರೈವನ್ನು ಮೊದಲ ದಿನವೇ ಸುಡಬಲ್ಲದು. ಮೂರನೆಯದು 20-25 ಹರ್ಟ್ಸ್‌ಗಿಂತ ಕೆಳಗೆ ಗಂಟೆಗಟ್ಟಲೆ ಓಡಿಸುವುದು. ಮೋಟಾರಿನ ಬೆನ್ನಿನ ಫ್ಯಾನೂ ಅದೇ ಶಾಫ್ಟಿನಲ್ಲಿರುವುದರಿಂದ ಗಾಳಿ ಸಾಲದೆ ಬೇಯುತ್ತದೆ.

ಪ್ರಶ್ನೆ: ಸಂಜೆ ವೋಲ್ಟೇಜ್ 180ಕ್ಕೆ ಬಿದ್ದರೆ 1.5 ಎಚ್‌ಪಿ ಬೋರ್‌ವೆಲ್ ಮೋಟಾರು ಸ್ಟಾರ್ಟ್ ಆಗುವುದಿಲ್ಲ, ಟ್ರಿಪ್ ಆಗುತ್ತದೆ. ಬಿಎಲ್‌ಡಿಸಿ ಸಬ್‌ಮರ್ಸಿಬಲ್ ಹಾಕಿದರೆ ಸರಿಹೋಗುತ್ತದೆಯೇ?
— ಹೆಸರಘಟ್ಟ ರಸ್ತೆ

ಉತ್ತರ: ಸರಿಹೋಗುತ್ತದೆ, ಆದರೆ ಅಷ್ಟು ಖರ್ಚು ಬೇಕಿಲ್ಲ. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. 230ರ ಜಾಗದಲ್ಲಿ 180 ಇದ್ದರೆ ಬಲ ಶೇ. 61 ಮಾತ್ರ. ಸ್ಟಾರ್ಟಿಂಗಿನಲ್ಲಿ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಕೇಬಲಿನಲ್ಲೇ ಇನ್ನಷ್ಟು ವೋಲ್ಟು ಕರಗುತ್ತದೆ. ಮೊದಲು ಪ್ಯಾನಲ್ ಬಾಕ್ಸ್ ತೆರೆಸಿ ಸ್ಟಾರ್ಟ್ ಮತ್ತು ರನ್ ಕೆಪ್ಯಾಸಿಟರ್ ಎರಡನ್ನೂ ಅಳೆಸಿ, ಕರಗಿದ ಟರ್ಮಿನಲ್ ಇದ್ದರೆ ಬದಲಿಸಿ, ಬಾವಿಯ ಆಳಕ್ಕೆ ಕೇಬಲಿನ ದಪ್ಪ ಸಾಕೇ ಎಂದು ನೋಡಿಸಿ. ಬೆಳಗಿನ ಜಾವ 5ಕ್ಕೆ ಟೈಮರ್ ಇಟ್ಟು ಸಂಪ್ ತುಂಬಿಸಿದರೆ ತೊಂದರೆ ಅರ್ಧ ಅಲ್ಲಿಗೇ ಮುಗಿಯುತ್ತದೆ. ಬಿಎಲ್‌ಡಿಸಿ ಪಂಪು ಮೆತ್ತಗೆ ಶುರುವಾಗುತ್ತದೆ, ಕಡಿಮೆ ವೋಲ್ಟಿಗೂ ಓಡುತ್ತದೆ, ನಿಜ. ಅದಕ್ಕೆ ತಕ್ಕ ಜಾಗ ಸೋಲಾರ್ ಫಲಕ. ಅಲ್ಲಿ ಬರುವುದೇ ಡಿಸಿ, ಬಿಸಿಲಿಗೆ ತಕ್ಕಂತೆ ವೇಗ ಏರಿಳಿಯಲೂ ಬೇಕು. ಒಂದು ಮಾತು: 2024ರ ಬೇಸಿಗೆಯಂತೆ ಬೋರು ಬತ್ತಿದರೆ ಎರಡೂ ಜಾತಿಯ ಮೋಟಾರು ನೀರಿಲ್ಲದೆ ಓಡಿ ಕೆಡುತ್ತವೆ. ಆ ದುಡ್ಡಿನಲ್ಲಿ ಮೊದಲು ಡ್ರೈ ರನ್ ರಿಲೇ ಹಾಕಿಸಿ.

ಪ್ರಶ್ನೆ: ಮಿಕ್ಸಿಯಲ್ಲಿ ಕಿಡಿ ಕಾಣುತ್ತದೆ, ಗ್ರೈಂಡರಿನಲ್ಲಿ ಕಾಣುವುದಿಲ್ಲ. ಹಾಗಾದರೆ ನಮ್ಮ ಗ್ರೈಂಡರ್ ಬ್ರಶ್‌ಲೆಸ್ಸೇ?
— ಮಲ್ಲೇಶ್ವರ

ಉತ್ತರ: ಒಳ್ಳೆಯ ಪ್ರಶ್ನೆ. ಹೌದು, ಅಕ್ಷರಶಃ ಬ್ರಶ್ ಇಲ್ಲದ್ದೇ! ಮಿಕ್ಸಿಯದು ಕಾರ್ಬನ್ ಬ್ರಶ್ ಇರುವ ಯೂನಿವರ್ಸಲ್ ಮೋಟಾರು, ಆ ಕಿಡಿ ಬ್ರಶ್ಶಿನದು. ಗ್ರೈಂಡರಿನದು ಇಂಡಕ್ಷನ್, ಅದರಲ್ಲಿ ಹುಟ್ಟಿದಾಗಿನಿಂದಲೂ ಬ್ರಶ್ ಇಲ್ಲ. ಆದರೂ "ಬ್ರಶ್‌ಲೆಸ್" ಎಂಬ ಹೆಸರು ಅಯಸ್ಕಾಂತದ ಮೋಟಾರಿಗೆ ಅಂಟಿಕೊಂಡಿದೆ. ಬ್ರಶ್ ಇದ್ದ ಹಳೆ ಡಿಸಿ ಮೋಟಾರಿಗೆ ಹೋಲಿಸಿ ಇಟ್ಟ ಹೆಸರದು. ದೋಸೆ ಹಿಟ್ಟಿಗೆ 150 ವ್ಯಾಟಿನ ಗ್ರೈಂಡರ್ 40 ನಿಮಿಷ ಓಡಿದರೆ 0.1 ಯೂನಿಟ್, ಅಂದರೆ 60 ಪೈಸೆ. ಅದರಲ್ಲಿ ಉಳಿಸಲು ಏನಿದೆ?

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರುಗಳಲ್ಲೆಲ್ಲ ಅಯಸ್ಕಾಂತದ ಮೋಟಾರು. ಕೆಲವು ಕಾರುಗಳಲ್ಲಿ ಮಾತ್ರ ಇಂಡಕ್ಷನ್ ಏಕೆ? ಸ್ಕೂಟರಿಗೆ ಹೊಂದುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಹೊಂದುತ್ತದೆ, ಆದರೆ ಗಿಟ್ಟುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು-ಹೊರಟು-ನಿಂತು ಹೋಗುವ ಸ್ಕೂಟರಿಗೆ ಕಡಿಮೆ ವೇಗದಲ್ಲಿ ಹೆಚ್ಚು ಬಲ ಬೇಕು. ಇಂಡಕ್ಷನ್ನಿನಲ್ಲಿ ಆ ಬಲಕ್ಕೆ ರೋಟರಿನಲ್ಲೂ ಕರೆಂಟು ಸುಡಬೇಕು, ಅದರ ಬಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿಯೇ ಅತಿ ದುಬಾರಿಯಾದ ಗಾಡಿಯಲ್ಲಿ ನೂರಕ್ಕೆ ಐದಾರು ಉಳಿದರೂ ಅಷ್ಟು ಚಿಕ್ಕ ಬ್ಯಾಟರಿ ಸಾಕಾಗುತ್ತದೆ.

ಕಾರಿನ ಕಥೆ ಬೇರೆ. ಬೆಂಗಳೂರಿನಲ್ಲೇ 2001ರಲ್ಲಿ ಹೊರಬಂದ ರೇವಾ ಮೊದಲು ಡಿಸಿ ಮೋಟಾರಿನಲ್ಲಿ ಓಡಿತು, ನಂತರದ ರೇವಾ-ಐ ಮಾದರಿಗೆ ಇಂಡಕ್ಷನ್ ಮೋಟಾರು ಬಂತು. ಟೆಸ್ಲಾ ಕಂಪನಿ 2008ರ ರೋಡ್‌ಸ್ಟರಿನಲ್ಲೂ 2012ರ ಮಾಡೆಲ್ ಎಸ್‌ನಲ್ಲೂ ಇಂಡಕ್ಷನ್ ಇಟ್ಟು, 2017ರ ಮಾಡೆಲ್ 3ರ ಹಿಂದಿನ ಆಕ್ಸಲ್ಲಿಗೆ ಅಯಸ್ಕಾಂತಕ್ಕೆ ಹೊರಳಿತು. ಅದೇ ಕಾರಿನ ಎರಡು ಮೋಟಾರಿನ ಆವೃತ್ತಿಯಲ್ಲಿ ಮುಂದಿನದು ಇಂಡಕ್ಷನ್. ಕಾರಣ ಸೊಗಸಾಗಿದೆ: ಅಯಸ್ಕಾಂತ ಎಂದೂ ಆಫ್ ಆಗುವುದಿಲ್ಲ. ಸುಮ್ಮನೆ ಉರುಳುವಾಗಲೂ ಅದು ಸ್ಟೇಟರಿನ ಕಬ್ಬಿಣವನ್ನು ಎಳೆದಾಡಿ ಶಕ್ತಿ ತಿನ್ನುತ್ತದೆ. ಇಂಡಕ್ಷನ್ನಿಗೆ ಕರೆಂಟು ನಿಲ್ಲಿಸಿದರೆ ರೋಟರು ಬರೀ ಲೋಹದ ಗುಂಡು, ಹಗುರವಾಗಿ ಉರುಳುತ್ತದೆ. ಬೇಕೆಂದಾಗ ಮಾತ್ರ ಕೈಜೋಡಿಸುವ ಎರಡನೆಯ ಮೋಟಾರಿಗೆ ಅದೇ ಸರಿ. ನಿಂತ ಸ್ಕೂಟರನ್ನು ಹಿಂದಿನ ಚಕ್ರ ನೆಲದಲ್ಲಿರುವಂತೆ ವೇಗವಾಗಿ ಎಳೆಯಬಾರದು ಎನ್ನುವುದಕ್ಕೂ ಇದೇ ಕಾರಣ, ಮೋಟಾರು ಜನರೇಟರ್ ಆಗಿ ಕಂಟ್ರೋಲರಿಗೆ ವೋಲ್ಟೇಜ್ ತುಂಬುತ್ತದೆ.

ಇನ್ನೊಂದು ಮಿತಿ ಬಿಸಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದರೂ ಹೋದದ್ದೆಲ್ಲ ಮರಳುವುದಿಲ್ಲ. 150 ಡಿಗ್ರಿ ತಾಳುವ ದರ್ಜೆಗೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸಬೇಕು. ಇಬ್ಬರು ಕೂತು ನಂದಿ ಬೆಟ್ಟ ಹತ್ತುವಾಗ ಸ್ಕೂಟರ್ ತಾನಾಗಿ ವೇಗ ತಗ್ಗಿಸಿದರೆ ಅದು ರೋಗವಾಗಿರಬೇಕಿಲ್ಲ, ಬಿಸಿಯಾದ ಮೋಟಾರನ್ನೂ ಬ್ಯಾಟರಿಯನ್ನೂ ಕಾಪಾಡಿಕೊಳ್ಳುತ್ತಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಆ ಪಟ್ಟಿಯಲ್ಲಿ ಈ ಎರಡೂ ಇದ್ದವು. ಇಲ್ಲಿನ ವಾಹನ ತಯಾರಕರಿಗೆ ಅಯಸ್ಕಾಂತ ಸಿಗುವುದೇ ಕಷ್ಟವಾಯಿತು. ಇಂಡಕ್ಷನ್ ಮೋಟಾರಿಗೆ ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಸಾಕು. ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಅಯಸ್ಕಾಂತವೂ ಬೇಡದ, ರೋಟರಿನಲ್ಲಿ ಕರೆಂಟೂ ಬೇಡದ ಸಿಂಕ್ರನಸ್ ರಿಲಕ್ಟೆನ್ಸ್ ಮೋಟಾರನ್ನು ಒಮ್ಮೆ ನೋಡಿ.

ಪ್ರಶ್ನೆ: ವಾರಂಟಿ ಮುಗಿದ ಬಿಎಲ್‌ಡಿಸಿ ಫ್ಯಾನು ನಿಂತಿದೆ. ಎಸೆಯಬೇಕೇ?
— ಆರ್.ಟಿ. ನಗರ

ಉತ್ತರ: ಬೇಡ. ಹತ್ತಕ್ಕೆ ಒಂಬತ್ತು ಸಲ ಹೋಗಿರುವುದು ಬೋರ್ಡು. ಮೊದಲು ರಿಮೋಟಿನ ಸೆಲ್ ಬದಲಿಸಿ, ಗೋಡೆಯ ಸ್ವಿಚ್ ಆಫ್-ಆನ್ ಮಾಡಿ ನೋಡಿ. ಆಗಲಿಲ್ಲವೆಂದರೆ ಎಂಸಿಬಿ ಇಳಿಸಿ, ಫ್ಯಾನು ಇಳಿಸಿ, ಹತ್ತು ನಿಮಿಷ ಬಿಟ್ಟು ಬೋರ್ಡ್ ಬಿಚ್ಚಿ. ಆ ದೊಡ್ಡ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಬರಿಗೈ ತಾಗಿಸಬೇಡಿ. ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಕಳಚಿ ಎರಡೆರಡರ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಮೂರು ಅಳತೆಯೂ ಒಂದೇ ಬಂದು, ಯಾವುದೂ ಫ್ಯಾನಿನ ಲೋಹದ ಮೈಗೆ ತಾಗಿರದಿದ್ದರೆ ಸುರುಳಿ ಚೆನ್ನಾಗಿದೆ. ಮೂರು ತಂತಿ ಬಿಡಿಯಾಗಿದ್ದಾಗ ಹಗುರವಾಗಿ ತಿರುಗುವ ರೋಟರು ಮೂರನ್ನೂ ಒಟ್ಟಿಗೆ ಕೂಡಿಸಿದಾಗ ಬಿಗಿಯಾದರೆ ಅಯಸ್ಕಾಂತವೂ ಸರಿ ಇದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅದೇ ಮಾದರಿಯ ಬೋರ್ಡು ಕೇಳಿ. ಸಿಗದಿದ್ದರೆ ಎಸ್.ಪಿ. ರಸ್ತೆಯಲ್ಲಿ ಬೇರೆ ಬೋರ್ಡು ಹುಡುಕಬಹುದು, ಆದರೆ ವೋಲ್ಟೇಜು, ವ್ಯಾಟು, ಹಾಲ್ ಸೆನ್ಸರ್ (ರೋಟರು ಎಲ್ಲಿದೆ ಎಂದು ಬೋರ್ಡಿಗೆ ತಿಳಿಸುವುದು) ಇದೆಯೋ ಇಲ್ಲವೋ ಎಂಬ ಮೂರೂ ಹೊಂದಬೇಕು. ಅಳತೆಗೆ ಹಳೆ ಬೋರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಹೊಸ ಬೋರ್ಡ್ ಹಾಕಿದ ಮೇಲೆ ಫ್ಯಾನು ಹಿಮ್ಮುಖ ತಿರುಗಿದರೆ ಗಾಬರಿ ಬೇಡ. ಸೆನ್ಸರ್ ಇಲ್ಲದ ಬೋರ್ಡಾದರೆ ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿ.